ಲಗ್ನಪತ್ರಿಕೆಯಲ್ಲಿ ತಮ್ಮನ ಹೆಸರಿನ ಮುಂದೆ

ಈ ವಿಷಯ ಬರೀಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ತಾನೇ ಇದ್ದೆ. ಕೆಲಸದ ಒತ್ತಡ ಅಂತ ಮುಂದಕ್ಕೆ ಹಾಕ್ತಾ ಬಂದೆ (ಸೋಮಾರಿತನ ಅಂತ ಓದಿಕೊಂಡರೂ ನಡೆಯುತ್ತೆ). ಹೋದ ಭಾನುವಾರ ಅಪ್ಪನ ಫೋನ್ ಬಂದ ಮೇಲೆ ಮಾತ್ರ ಇನ್ನು ಸುಮ್ಮನಿರೋಕೆ ಆಗಲಿಲ್ಲ.

ನನ್ನ ತಮ್ಮನ ಮದುವೆ ನಿಶ್ಚಯವಾಗಿದೆ. ಲಗ್ನಪತ್ರಿಕೆ ಪ್ರಿಂಟಿಗೆ ಕೊಡಬೇಕು. ನಮ್ಮ ಕಡೆ ಲಗ್ನಪತ್ರಿಕೆ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಚಿ|| ರಾ|| ಅಂತ ಹೆಸರು, ಅದರ ಮುಂದೆ ಬಿ.ಇ., ಎಂ.ಟೆಕ್., ಎಂ.ಬಿ.ಎ. ಅಂತ ಡಿಗ್ರಿ, ಅದರ ಕೆಳಗೆ ಕಂಪನಿಯಲ್ಲಿ ಯಾವ ಹುದ್ದೆ, ಯಾವ ಊರು. ನಮ್ಮ ದೊಡ್ಡಪ್ಪನ ಮಗನ ಕಾರ್ಡಿನಲ್ಲಿ ಮುಹೂರ್ತದ ಟೈಮಿಗಿಂತ 'ಎಂ.ಎಸ್. (ಯು.ಎಸ್.ಎ.)' ಅನ್ನೋದೇ ದೊಡ್ಡ ಅಕ್ಷರದಲ್ಲಿತ್ತು!

ಅಪ್ಪ ಹೇಳಿದ್ದು ಇಷ್ಟು: "ಹುಡುಗಿ ಬಿ.ಕಾಂ. ಮಾಡ್ಯಾಳೆ. ಅವರ ಮನೆಯೋರು ಅದನ್ನ ಹಾಕ್ಸಬೇಕು ಅಂತಾರೆ. ಇವನದು ಏನು ಹಾಕ್ಸೋದು? ಬರೀ ಹೆಸರು ಹಾಕ್ಸಿ ಬಿಡೋಣ ಅಂತ."

"ಐಟಿಐ ಅಂತ ಹಾಕ್ಸಿ ಅಪ್ಪಾ, ಫಿಟ್ಟರ್ ಅಂತ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಬ್ಯಾಡ ಬಿಡಪ್ಪ, ಮಂದಿ ಆಡ್ಕೊಂತಾರೆ."

ನಮ್ಮದು ಹರಿಹರ. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ನಾನು ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 597, ಸಿಇಟಿಯಲ್ಲಿ ನಾಲ್ಕಂಕಿಯ ಪರವಾಗಿಲ್ಲ ಅನ್ನೋ ರ‍್ಯಾಂಕು, ವಿಟಿಯುನಲ್ಲಿ ಬಿ.ಇ., ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ, ಈಗ ಜರ್ಮನಿಯ ಮ್ಯೂನಿಕ್‌ನಲ್ಲಿ. ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಸೆಕೆಂಡ್ ಪಿಯುಸಿ ಸೈನ್ಸ್‌ನಲ್ಲಿ ಎರಡು ಸಬ್ಜೆಕ್ಟ್ ಹೋಗಿಸಿಕೊಂಡ. "ಮೇಷ್ಟ್ರ ಮಗನೇ ಫೇಲು" ಅನ್ನೋ ಮಾತು ಊರಲ್ಲಿ ಎಷ್ಟು ದಿನ ಓಡಾಡಿತು ಅಂತ ಬೇರೆ ಹೇಳಬೇಕಾಗಿಲ್ಲ. ಆ ಬೇಸಿಗೆಯಲ್ಲಿ ಅಪ್ಪ ಯಾವ ಮದುವೆಗೂ ಹೋಗಲಿಲ್ಲ. ತಮ್ಮ ಯಾರಿಗೂ ಹೇಳದೆ ಐಟಿಐಗೆ ಅರ್ಜಿ ಹಾಕಿ ಬಂದ. ಎರಡು ವರ್ಷ ಫಿಟ್ಟರ್ ಟ್ರೇಡು, ಆಮೇಲೆ ಪೀಣ್ಯದಲ್ಲಿ ಸಿಎನ್‌ಸಿ ಆಪರೇಟರ್, ಅಲ್ಲಿಂದ ಸೆಟ್ಟರ್. ಈಗ ಊರಿಗೆ ವಾಪಸ್ ಬಂದು ಲೋನ್ ತೆಗೆದುಕೊಂಡು ಸ್ವಂತ ಶೆಡ್ ಹಾಕಿದ್ದಾನೆ. ಒಂದು ಹಳೇ ಲೇತು, ಒಂದು ಸೆಕೆಂಡ್ ಹ್ಯಾಂಡ್ ವಿಎಂಸಿ, ಮೂರು ಜನ ಹುಡುಗರು. ಬೋರ್ಡಿನ ಮೇಲೆ ದೇವರ ಹೆಸರು, ಅದರ ಮುಂದೆ 'ಇಂಜಿನಿಯರಿಂಗ್ ವರ್ಕ್ಸ್'. ಮನೆಯಲ್ಲಿ ಇಂಜಿನಿಯರ್ ಅಂತ ಕರೆಸಿಕೊಳ್ಳೋ ನಾನು ಸ್ಕ್ರೀನ್ ಮೇಲೆ ಬಟನ್ ಎಲ್ಲಿ ಬರಬೇಕು ಅಂತ ದಿನಗಟ್ಟಲೆ ಮೀಟಿಂಗ್ ಮಾಡ್ತೀನಿ. ಅವನು ಕಬ್ಬಿಣ ಕೊರೀತಾನೆ :)

ಮನೆಗೆ ಯಾರಾದರೂ ಬಂದರೆ ಅಪ್ಪ ನಮ್ಮಿಬ್ಬರನ್ನು ಪರಿಚಯ ಮಾಡಿಸೋದು ಹೀಗೆ: "ದೊಡ್ಡೋನು ಜರ್ಮನಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಚಿಕ್ಕೋನು... ಇಲ್ಲೇ ಅದಾನೆ."

ಅಪ್ಪನನ್ನು ಬೈಯೋಕೆ ನಾನು ಕೂತಿಲ್ಲ. ನನ್ನ ಕಥೆಯೂ ಅಷ್ಟೇ ಇತ್ತು. ಮ್ಯೂನಿಕ್‌ಗೆ ಬಂದ ಹೊಸದರಲ್ಲಿ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ ಒಬ್ಬ ಸಹೋದ್ಯೋಗಿ (ಐವತ್ತು ದಾಟಿದ ಮನುಷ್ಯ, ನಮ್ಮ ಟೀಮಿನಲ್ಲಿ ಎಲ್ಲರಿಗಿಂತ ಸೀನಿಯರ್) ನಿನ್ನ ತಮ್ಮ ಏನು ಮಾಡ್ತಾನೆ ಅಂತ ಕೇಳಿದ. ನಾನು "ಮ್ಯಾನುಫ್ಯಾಕ್ಚರಿಂಗ್ ಫೀಲ್ಡ್‌ನಲ್ಲಿದ್ದಾನೆ" ಅಂದೆ. ಅಪ್ಪನ 'ಇಲ್ಲೇ ಅದಾನೆ'ಯ ಇಂಗ್ಲಿಷ್ ಅವತರಣಿಕೆ ಅಷ್ಟೆ. ಅವನು ಬಿಡಲಿಲ್ಲ. ಏನು ಮಾಡ್ತಾನೆ, ಯಾವ ಮೆಷಿನ್, ಯಾವ ಕಂಟ್ರೋಲರ್, ಎಷ್ಟು ಟಾಲರೆನ್ಸ್ ಹಿಡೀತಾನೆ.. ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದೇ ಮನೆಯಲ್ಲಿ ಬೆಳೆದವರು, ಅವನು ದಿನಾ ಏನು ಮಾಡ್ತಾನೆ ಅಂತ ನಾನು ಒಂದು ದಿನಾನೂ ಕೇಳಿರಲಿಲ್ಲ.

ಆ ರಾತ್ರಿ ತಮ್ಮನಿಗೆ ವಾಟ್ಸ್ಯಾಪ್ ಮಾಡಿ ಮೆಷಿನ್ ಹೆಸರು ಕೇಳಿದೆ. ಟೈಪ್ ಮಾಡೋ ಬದಲು ನೇರ ಫೋನೇ ಮಾಡಿದ. ಮುಕ್ಕಾಲು ಗಂಟೆ ಮಾತಾಡಿದ. ಸಾಮಾನ್ಯವಾಗಿ ನಮ್ಮಿಬ್ಬರ ಮಾತು "ಊಟ ಆಯ್ತಾ, ಅಮ್ಮಂಗೆ ಕೊಡ್ಲಾ" ಅನ್ನೋದರಲ್ಲಿ ಮುಗಿಯುತ್ತೆ. ಮೆಷಿನ್ ಬೆಂಗಳೂರಿನ ಬಿಎಫ್‌ಡಬ್ಲ್ಯು ಕಂಪನಿಯದ್ದಂತೆ. ಮಾರನೇ ದಿನ ಹೇಳಿದರೆ ನಮ್ಮ ಸೀನಿಯರ್‌ಗೆ ಖುಷಿಯೋ ಖುಷಿ. ಆ ಹೆಸರಿನಲ್ಲಿರೋ ಎಫ್ ಮತ್ತು ಡಬ್ಲ್ಯು ಅಂದರೆ ಫ್ರಿಟ್ಸ್ ವೆರ್ನರ್, ಬರ್ಲಿನ್‌ನ ಹಳೇ ಮೆಷಿನ್ ಟೂಲ್ ಕಂಪನಿ, ಭಾರತ್ ಫ್ರಿಟ್ಸ್ ವೆರ್ನರ್ ಅಂತಾನೇ ಪೂರ್ತಿ ಹೆಸರು. ಅವನ ಸ್ವಂತ ಅಣ್ಣ ಮೆಷಿನಿಸ್ಟ್ ಆಗಿ ಶುರು ಮಾಡಿ 'ಮೈಸ್ಟರ್' ಆದವನಂತೆ. ಆ ಅಣ್ಣನ ಬಗ್ಗೆ ಹೇಳುವಾಗ ಅವನ ಮುಖ ನೋಡಬೇಕಿತ್ತು. ನಮ್ಮಲ್ಲಿ ಐಐಟಿ ಸೇರಿದ ಮಗನ ಬಗ್ಗೆ ಮಾತಾಡುವಾಗ ಅಪ್ಪಂದಿರ ಮುಖ ಹಾಗಿರುತ್ತೆ.

ಮೈಸ್ಟರ್ ಅಂದರೆ ಏನು ಅಂತ ಸ್ವಲ್ಪ ಹೇಳಲೇಬೇಕು. ಇಲ್ಲಿ ಹದಿನಾರು ಹದಿನೇಳು ವಯಸ್ಸಿಗೆ ಹುಡುಗರು 'ಆಉಸ್‌ಬಿಲ್ಡುಂಗ್' ಅಂತ ಸೇರ್ತಾರೆ. ಕಂಪನಿಯೇ ಕೆಲಸ ಕಲಿಸುತ್ತೆ, ತಿಂಗಳು ತಿಂಗಳು ದುಡ್ಡೂ ಕೊಡುತ್ತೆ. ವಾರದಲ್ಲಿ ಒಂದೋ ಎರಡೋ ದಿನ ವೃತ್ತಿ ಶಾಲೆಯಲ್ಲಿ ಪಾಠ. ಹೀಗೆ ಕಲಿಯೋಕೆ ಮುನ್ನೂರಕ್ಕೂ ಹೆಚ್ಚು ಕಸುಬುಗಳಿವೆ: ಬೇಕರಿ, ಎಲೆಕ್ಟ್ರಿಷಿಯನ್, ಬ್ಯಾಂಕ್ ಕೆಲಸ, ಮೆಕಾಟ್ರಾನಿಕ್ಸ್, ಕೊನೆಗೆ ನಮ್ಮ ಸಾಫ್ಟ್‌ವೇರ್ ಕೂಡ. ಮೆಕಾಟ್ರಾನಿಕ್ಸ್‌ಗೆ ಮೂರೂವರೆ ವರ್ಷ. ಮುಗಿಸಿ ಕೆಲಸ ಮಾಡಿ ಅನುಭವ ಆದ ಮೇಲೆ ಮೈಸ್ಟರ್ ಪರೀಕ್ಷೆ. ಹಲವು ಕಸುಬುಗಳಲ್ಲಿ ಸ್ವಂತ ಅಂಗಡಿ ತೆರೆಯೋಕೆ ಇದು ಬೇಕೇ ಬೇಕು. ಕ್ಷೌರದಂಗಡಿಗೂ! ನಾನು ಕಟಿಂಗ್‌ಗೆ ಹೋಗೋ ಅಂಗಡಿಯ ಗೋಡೆ ಮೇಲೆ ಮೈಸ್ಟರ್ ಸರ್ಟಿಫಿಕೇಟ್ ಗಾಜಿನ ಫ್ರೇಮಿನಲ್ಲಿ ನೇತಾಡ್ತಾ ಇದೆ. ನನ್ನ ಬಿ.ಇ. ಸರ್ಟಿಫಿಕೇಟ್ ಹರಿಹರದ ಮನೆಯ ಗಾಡ್ರೇಜ್ ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿದೆ.

ಇನ್ನೂ ಒಂದು ಇದೆ. ಇಲ್ಲಿ ಎಲ್ಲಾ ಥರದ ಓದು, ತರಬೇತಿಯನ್ನೂ ಎಂಟು ಹಂತಗಳಲ್ಲಿ ಜೋಡಿಸಿದ್ದಾರೆ. ಬ್ಯಾಚುಲರ್ ಡಿಗ್ರಿ ಆರನೇ ಹಂತ. ಮೈಸ್ಟರ್ ಕೂಡ ಆರನೇ ಹಂತ. ಅಂದರೆ ಕಾಗದದ ಮೇಲೆ ನಾನೂ ಆ ಕ್ಷೌರದಂಗಡಿಯವನೂ ಒಂದೇ ಮೆಟ್ಟಿಲು. 2020ರಿಂದ ಮೈಸ್ಟರ್‌ಗಳು 'ಬ್ಯಾಚುಲರ್ ಪ್ರೊಫೆಷನಲ್' ಅಂತಾನೂ ಹಾಕಿಕೊಳ್ಳಬಹುದು. (ಇದು ಮಾತ್ರ ನನಗೆ ಯಾಕೋ ಸರಿ ಬರಲಿಲ್ಲ. ನೂರಾರು ವರ್ಷ ಮರ್ಯಾದೆ ಇದ್ದ ಹೆಸರಿಗೆ ಕಾಲೇಜಿನ ಹೆಸರು ಸಾಲ ತರಬೇಕಾ? ಇವರಿಗೂ ನಮ್ಮ ಗಾಳಿ ಬೀಸ್ತಾ ಇದೆ ಅನ್ನಿಸುತ್ತೆ.)

ಅದೇ ಸೀನಿಯರ್ ಹತ್ತಿರ ಇನ್ನೊಂದು ದಿನ ನನ್ನ 597ರ ಬಗ್ಗೆ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಇದು ನಿನಗೆ ಇನ್ನೂ ಯಾಕೆ ನೆನಪಿದೆ?" ಜರ್ಮನ್‌ನಲ್ಲಿ 'ಶ್ಟ್ರೇಬರ್' ಅಂತ ಒಂದು ಪದ ಇದೆ. ಸರಿಯಾಗಿ ನೋಡಿದರೆ ಪ್ರಯತ್ನ ಪಡುವವನು, ಮೇಲೆ ಬರಬೇಕು ಅಂತ ಹಂಬಲಿಸುವವನು ಅಂತ ಅರ್ಥ. ನಮ್ಮಲ್ಲಾದರೆ ಅದು ಹೊಗಳಿಕೆ. ಇಲ್ಲಿ ಸ್ಕೂಲಿನಲ್ಲಿ ಅದು ಬೈಗುಳ! ಮೊದಲ ಬೆಂಚಿನಲ್ಲಿ ಕೂತು ಕೈ ಎತ್ತುವ ಹುಡುಗನನ್ನು ಆಡಿಕೊಳ್ಳೋಕೆ ಬಳಸೋ ಪದ. ಮಾರ್ಕ್ಸ್ ತೆಗೆದರೂ ಓದಲೇ ಇಲ್ಲ ಅನ್ನೋ ಹಾಗೆ ಇರಬೇಕು.

ಇದೆಲ್ಲ ನೋಡಿ ಮೊದಲ ವರ್ಷ ನಾನು ಪೂರ್ತಿ ಜರ್ಮನಿಯ ಭಕ್ತ ಆಗಿಬಿಟ್ಟಿದ್ದೆ. ಊರಿಗೆ ಫೋನ್ ಮಾಡಿದಾಗಲೆಲ್ಲ "ಇಲ್ಲಿ ನೋಡಿ ಹೇಗಿದೆ" ಅಂತ ಭಾಷಣ. ಅಮ್ಮ ಒಮ್ಮೆ "ಸಾಕು ಬಿಡೋ, ಅಲ್ಲೇ ಇರೋ ಹಂಗಾದ್ರೆ" ಅಂದುಬಿಟ್ಟರು.

ಭಕ್ತಿ ಇಳಿದದ್ದು ಒಂದು ಯುಗಾದಿ ಊಟದಲ್ಲಿ. ಇಲ್ಲಿಯ ಕನ್ನಡದ ಗೆಳೆಯರು ಒಬ್ಬರ ಮನೆಯಲ್ಲಿ ಸೇರಿದ್ದೆವು. ಹೋಳಿಗೆ ಎಲ್ಲ ಚೆನ್ನಾಗಿತ್ತು, ಆದರೆ ಒಬ್ಬ ದಂಪತಿಯ ಮುಖದಲ್ಲಿ ಕಳೆಯೇ ಇಲ್ಲ. ಏನು ಅಂದರೆ ಮಗ ನಾಲ್ಕನೇ ಕ್ಲಾಸು. ಇದರಲ್ಲೇನಿದೆ ಅಂತೀರಾ? ಮ್ಯೂನಿಕ್ ಇರೋದು ಬವೇರಿಯಾ ರಾಜ್ಯದಲ್ಲಿ. ಇಲ್ಲಿ ನಾಲ್ಕನೇ ಕ್ಲಾಸಿನ ಕೊನೆಗೆ, ಮೇ ತಿಂಗಳ ಶುರುವಿನಲ್ಲಿ ಮಕ್ಕಳಿಗೆ ಒಂದು ಸರ್ಟಿಫಿಕೇಟ್ ಕೊಡ್ತಾರೆ. ಜರ್ಮನ್, ಗಣಿತ, ಮತ್ತೆ ನಮ್ಮ ಪರಿಸರ ಅಧ್ಯಯನದಂಥ ಒಂದು ವಿಷಯ, ಈ ಮೂರರ ಸರಾಸರಿ. ಇಲ್ಲಿ ಗ್ರೇಡ್ 1 ಅಂದರೆ ಎಲ್ಲಕ್ಕಿಂತ ಮೇಲು, 6 ಅಂದರೆ ಕೆಳಗೆ. ಸರಾಸರಿ 2.33 ಅಥವಾ ಅದಕ್ಕಿಂತ ಚೆನ್ನಾಗಿದ್ದರೆ ಗಿಮ್ನಾಸಿಯುಂ, ಅಂದರೆ ಯೂನಿವರ್ಸಿಟಿಗೆ ನೇರ ಹೋಗೋ ದಾರಿ. 2.66ರವರೆಗೆ ಇದ್ದರೆ ರಿಯಾಲ್‌ಶೂಲೆ. ಉಳಿದವರಿಗೆ ಮಿಟ್ಟಲ್‌ಶೂಲೆ. ಕಡಿಮೆ ಬಿದ್ದವರು ಮೂರು ದಿನದ ಟ್ರಯಲ್ ಕ್ಲಾಸಿಗೆ ಕೂತು ಇನ್ನೊಂದು ಅವಕಾಶ ಕೇಳಬಹುದು, ಅಷ್ಟೆ. ಮಗುವಿನ ವಯಸ್ಸು ಹತ್ತು!

"ಸಿಇಟಿ ಗಲಾಟೆ ಬೇಡ ಅಂತ ಈ ಕಡೆ ಬಂದ್ವಿ ಮಾರಾಯ, ಇಲ್ಲಿ ನಾಲ್ಕನೇ ಕ್ಲಾಸಲ್ಲೇ ಸಿಇಟಿ" ಅಂದರು ಆ ಅಪ್ಪ. ತಮಾಷೆಗೆ ಹೇಳಿದ್ದೇನೋ ನಿಜ, ಯಾರೂ ನಗಲಿಲ್ಲ. ಹುಡುಗನ ಗಣಿತ ಚೆನ್ನಾಗಿದೆ, ಜರ್ಮನ್‌ನಲ್ಲಿ 3 ಬರ್ತಾ ಇದೆ. ಮನೆಯಲ್ಲಿ ಕನ್ನಡ ಮಾತಾಡೋದು ಬಿಟ್ಟು ಜರ್ಮನ್ ಶುರು ಮಾಡೋಣ್ವಾ ಅಂತ ಅವನ ಅಮ್ಮ ಕೇಳ್ತಾ ಇದ್ದರು. ಅವರಿಗೇ ಜರ್ಮನ್ ಅರ್ಧಂಬರ್ಧ ಬರುತ್ತೆ. ನನಗೆ ಆ ಮಾತು ಕೇಳಿ ಹೊಟ್ಟೆಯಲ್ಲಿ ಒಂಥರಾ ಆಯಿತು.

ಇದು ವಲಸೆ ಬಂದವರ ಹೆದರಿಕೆ ಮಾತ್ರ ಅಲ್ಲ. 2000ದಲ್ಲಿ ನಡೆದ ಪೀಸಾ ಅನ್ನೋ ಅಂತರರಾಷ್ಟ್ರೀಯ ಪರೀಕ್ಷೆಯ ಫಲಿತಾಂಶ 2001ರ ಕೊನೆಗೆ ಬಂದಾಗ ಇಡೀ ಜರ್ಮನಿಗೆ ಆಘಾತ ಆಗಿತ್ತು. 'ಪೀಸಾ ಶಾಕ್' ಅಂತಾನೇ ಅದಕ್ಕೆ ಹೆಸರು. ಮಾರ್ಕ್ಸ್ ಕಡಿಮೆ ಬಂದದ್ದು ಒಂದು ಕಡೆ, ಅಪ್ಪ ಅಮ್ಮನ ಓದು, ಸ್ಥಿತಿಗತಿಯ ಮೇಲೆ ಮಗುವಿನ ಓದು ನಿಂತಿರೋದು ಇಲ್ಲಿ ವಿಪರೀತ ಅಂತ ಗೊತ್ತಾದದ್ದು ಇನ್ನೊಂದು ಕಡೆ. ನಮ್ಮ ಟೀಮಿನಲ್ಲೇ ಟರ್ಕಿಯಿಂದ ಬಂದ ಕಾರ್ಮಿಕರ ಮಗ ಒಬ್ಬನಿದ್ದಾನೆ. ಹತ್ತನೇ ವಯಸ್ಸಿಗೆ ಇವನನ್ನು ಕೆಳಗಿನ ಸ್ಕೂಲಿಗೆ ಹಾಕಿದ್ದರು. ಆಮೇಲೆ ಆಉಸ್‌ಬಿಲ್ಡುಂಗ್, ಅದರ ಮೇಲೆ ಇನ್ನೊಂದು ಸ್ಕೂಲು, ಅಲ್ಲಿಂದ ಕಾಲೇಜು ಅಂತ ಸುತ್ತಿ ಬಳಸಿ ನಾನು ಬಂದ ಕುರ್ಚಿಗೇ ನನಗಿಂತ ಆರು ವರ್ಷ ತಡವಾಗಿ ಬಂದ. ಬಾಗಿಲು ಮುಚ್ಚಿರಲಿಲ್ಲ ನಿಜ, ಮನೆ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿದರು.

ಮತ್ತೆ ಡಿಗ್ರಿಯ ಹುಚ್ಚು ಇವರಿಗೆ ಇಲ್ಲ ಅಂತಲೂ ಅಂದುಕೊಳ್ಳಬೇಡಿ. ಡಾಕ್ಟರೇಟ್ ಇದ್ದರೆ ಪಾಸ್‌ಪೋರ್ಟಿನಲ್ಲೇ ಹಾಕಿಸಿಕೊಳ್ಳಬಹುದು. ರಕ್ಷಣಾ ಮಂತ್ರಿಯಾಗಿದ್ದ ಗುಟನ್‌ಬರ್ಗ್ ಥೀಸಿಸ್ ನಕಲು ಹೊಡೆದಿದ್ದು ಬಯಲಾಗಿ 2011ರಲ್ಲಿ ರಾಜೀನಾಮೆ ಕೊಟ್ಟರು. 2013ರಲ್ಲಿ ಶಿಕ್ಷಣ ಮಂತ್ರಿ (ಹೌದು, ಶಿಕ್ಷಣ ಮಂತ್ರಿ!) ಶಾವಾನ್ ಅವರದ್ದೂ ಅದೇ ಕಥೆ. ರಾಜಕಾರಣಿಗೆ ಡಾಕ್ಟರೇಟ್ ಯಾಕೆ ಬೇಕಿತ್ತು ಹೇಳಿ? ನಮ್ಮ ಲಗ್ನಪತ್ರಿಕೆಯವರಿಗೂ ಇವರಿಗೂ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ಹಾಗಂತ ಇದೇ ದೇಶದಲ್ಲಿ ಸ್ಕೂಲೂ ಮುಗಿಸದೆ ಟ್ಯಾಕ್ಸಿ ಓಡಿಸಿದ್ದ ಯೋಷ್ಕಾ ಫಿಷರ್ 1998ರಿಂದ 2005ರವರೆಗೆ ವಿದೇಶಾಂಗ ಮಂತ್ರಿ ಆಗಿದ್ದರು. ಒಂದೇ ಅಳತೆಪಟ್ಟಿಯಲ್ಲಿ ಒಂದು ದೇಶವನ್ನು ಅಳೆಯೋದು ಕಷ್ಟ.

ಹಾಗಾದರೆ ನಮ್ಮದೇ ಮೇಲಾ? ಒಂದು ವಿಷಯದಲ್ಲಿ ಮೇಲೇ ಅಂತೀನಿ. ನನ್ನ ಅಜ್ಜ ಇನ್ನೊಬ್ಬರ ಗದ್ದೆಯಲ್ಲಿ ದುಡಿದವರು, ಹೆಬ್ಬೆಟ್ಟು. ಅಪ್ಪ ಹಾಸ್ಟೆಲ್ಲಿನಲ್ಲಿದ್ದುಕೊಂಡು ಟಿಸಿಎಚ್ ಮಾಡಿ ಮೇಷ್ಟ್ರಾದರು. ಹತ್ತನೇ ವಯಸ್ಸಿಗೆ ಅವರ ಮೂರು ವಿಷಯದ ಸರಾಸರಿ ನೋಡಿ, "ನೀನು ಈ ಕಡೆ ಹೋಗಪ್ಪ" ಅಂತ ಯಾರಾದರೂ ಹೇಳಿದ್ದರೆ ನಾನು ಇವತ್ತು ಮ್ಯೂನಿಕ್‌ನಲ್ಲಿ ಕೂತು ಇದನ್ನು ಬರೀತಾ ಇರಲಿಲ್ಲ. "ಓದ್ಲಿಲ್ಲ ಅಂದ್ರೆ ಎಮ್ಮೆ ಕಾಯೋಕೆ ಹೋಗ್ತೀಯ" ಅಂತ ಅಪ್ಪ ನಮಗೆ ದಿನಾ ಬೈತಿದ್ದರಲ್ಲ, ಅದು ಬರೀ ಬೈಗುಳ ಆಗಿರಲಿಲ್ಲ. ಅವರು ನಿಜಕ್ಕೂ ಎಮ್ಮೆ ಕಾದವರು. ಮಾರ್ಕ್ಸ್ ಅನ್ನೋದು ಜಾತಿ ಕೇಳದ, ಜಮೀನು ಕೇಳದ ಒಂದೇ ಒಂದು ಬಾಗಿಲು ಅಂತ ಅವರಿಗೆ ಕಂಡಿತ್ತು. 2022ರ ಎಸ್ಸೆಸ್ಸೆಲ್ಸಿಯಲ್ಲಿ 145 ಮಕ್ಕಳು 625ಕ್ಕೆ 625 ತೆಗೆದಾಗ ಇದೇನು ಹುಚ್ಚು ಅಂತ ನಾವು ನಕ್ಕೆವು. ಆ ಹುಚ್ಚಿನ ಬೇರು ಎಲ್ಲಿದೆ ಅಂತ ಗೊತ್ತಿದ್ದವರು ಪೂರ್ತಿ ನಗೋಕೆ ಆಗಲ್ಲ.

ಆದರೆ ನಾವು ಒಂದು ಕಡೆ ಎಡವಿದ್ದೇವೆ. ನಮ್ಮಲ್ಲೂ ಮೆಟ್ಟಿಲುಗಳಿವೆ. ಐಟಿಐ ಮಾಡಿದವನು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾದವನು ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ತಮ್ಮನಿಗೂ ನಾವೆಲ್ಲ ಇದನ್ನೇ ಹೇಳಿದ್ದು, "ಡಿಪ್ಲೊಮಾ ಮಾಡ್ಕೋ, ಆಮೇಲೆ ಬಿ.ಇ. ಮಾಡ್ಕೋ". ನಾನೇ ನೂರು ಸಲ ಹೇಳಿದ್ದೇನೆ. ಈಗ ಯೋಚನೆ ಮಾಡಿದರೆ ಆ ಏಣಿ ಎಲ್ಲಿಗೆ ಹೋಗುತ್ತೆ? ಮೆಷಿನ್ನಿನಿಂದ ದೂರ, ಆಫೀಸಿಗೆ. ಫಿಟ್ಟರ್ ಆದವನು ಫಿಟ್ಟರ್ ಆಗಿದ್ದುಕೊಂಡೇ ಮೇಲೆ ಹೋಗೋಕೆ, ಹತ್ತು ಜನ ಬಗ್ಗಿ ನೋಡುವಂಥ ಫಿಟ್ಟರ್ ಆಗೋಕೆ, ಅದಕ್ಕೊಂದು ಹೆಸರು, ಅದಕ್ಕೊಂದು ಸರ್ಟಿಫಿಕೇಟು, ಲಗ್ನಪತ್ರಿಕೆಯಲ್ಲಿ ಹಾಕೋಕೆ ಎರಡು ಅಕ್ಷರ.. ಇಲ್ಲ. ನಮ್ಮಲ್ಲಿ ಮರ್ಯಾದೆ ಬೇಕು ಅಂದರೆ ಮೊದಲು ಕಸುಬು ಬಿಡಬೇಕು. ಜರ್ಮನಿಯಿಂದ ಏನಾದರೂ ತರಬೇಕು ಅಂದರೆ ನಾನು ತರೋದು ಅದೊಂದೇ, ಕಸುಬಿನ ಒಳಗೇ ಹತ್ತೋ ಏಣಿ. ಹತ್ತು ವರ್ಷದ ಮಕ್ಕಳನ್ನು ಜಾಲಿಸೋ ಜರಡಿ ಇಲ್ಲೇ ಇರಲಿ. 'ಶ್ಟ್ರೇಬರ್' ಅಂತ ಆಡಿಕೊಳ್ಳೋ ಚಾಳಿಯೂ ಬೇಡ, ಕೈ ಎತ್ತೋ ಹುಡುಗ ಎತ್ತಲಿ ಬಿಡಿ ಪಾಪ.

ಹರಿಹರದಂಥ ಊರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾ ಅನ್ನೋದು ನನ್ನ ಇನ್ನೊಂದು ಸಂಕಟ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶಕ್ಕೆಲ್ಲ ಹೋಗ್ತಿದ್ದ ಊರು ಅದು. ಕಾರ್ಖಾನೆ ಮುಚ್ಚಿತು. ಅಲ್ಲಿ ಕಲಿತವರ ಕೈ ಮಾತ್ರ ಇನ್ನೂ ಊರಲ್ಲೇ ಇದೆ. ತಮ್ಮನಿಗೆ ಟೂಲ್ ಗ್ರೈಂಡಿಂಗ್ ಕಲಿಸಿದ್ದು ಅಂಥ ಒಬ್ಬ ಹಿರಿಯರು. ತಮ್ಮ ಅವರನ್ನು ಮೇಷ್ಟ್ರೇ ಅಂತ ಕರೀತಾನೆ. ಅಪ್ಪನ ಎದುರಿಗೆ ಮಾತ್ರ ಹಾಗೆ ಕರೆಯಲ್ಲ.

ಭಾನುವಾರ ಅಪ್ಪನ ಫೋನ್ ಇಟ್ಟ ಮೇಲೆ ತಮ್ಮನಿಗೆ ಮಾಡಿದೆ. ವಿಷಯ ಅವನಿಗೆ ಗೊತ್ತಿತ್ತು.

"ಬಿಡಣ್ಣ, ಅಪ್ಪಂಗೆ ಬ್ಯಾಸರ ಆಗೋದಾದ್ರೆ ಬ್ಯಾಡ. ಕಾರ್ಡ್ ನೋಡಿ ಯಾರೂ ಜಾಬ್ ವರ್ಕ್ ಕೊಡಲ್ಲ" ಅಂತ ನಕ್ಕ. ಹಿಂದೆ ಮೆಷಿನ್ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ, "ಹಾಕ್ಸಂಗಿದ್ರೆ ಫಿಟ್ಟರ್ ಅಂತಾನೇ ಹಾಕ್ಸು. ಉದ್ಯಮಿ ಗಿದ್ಯಮಿ ಅಂತ ಮಾತ್ರ ಬ್ಯಾಡ."

ಮತ್ತೆ ಅಪ್ಪನಿಗೆ ಮಾಡಿದೆ. ಕಾರ್ಡಿನಲ್ಲಿ ಮನೆಯವರ ಹೆಸರಿನ ಜೊತೆ ನನ್ನ ಹೆಸರೂ ಬರುತ್ತೆ, 'ಬಿ.ಇ., ಜರ್ಮನಿ' ಅಂತ. ಅವನದು ಹಾಕ್ಸಲ್ಲ ಅಂದರೆ ನನ್ನದೂ ತೆಗೆಸಿ ಅಂದೆ. "ನಿಂದ್ಯಾಕೆ ತೆಗೀಬೇಕು? ನೀನು ಕಷ್ಟಪಟ್ಟು ಓದಿದ್ದಲ್ಲೇನು?" ಅಂದರು. ಅವನೂ ಎರಡು ವರ್ಷ ಕಷ್ಟಪಟ್ಟೇ ಕಲಿತಿದ್ದು ಅಂದೆ. ಜಗಳ ಆಗಲಿಲ್ಲ. "ನಿಮ್ಮಮ್ಮನ್ನ ಕೇಳ್ತೀನಿ" ಅಂತ ಫೋನ್ ಇಟ್ಟರು. ನಮ್ಮ ಮನೆಯಲ್ಲಿ ಅಪ್ಪ ಹಾಗಂದರೆ ಅರ್ಧ ಒಪ್ಪಿದ ಹಾಗೆ. ಶುಕ್ರವಾರ ಪ್ರೆಸ್‌ನವರು ಪ್ರೂಫ್ ಕೊಡ್ತಾರಂತೆ. ಬಂದ ತಕ್ಷಣ ಫೋಟೋ ತೆಗೆದು ಕಳಿಸು ಅಂತ ಅಮ್ಮನಿಗೆ ಹೇಳಿಟ್ಟಿದ್ದೇನೆ.